ಎಂಟನೆಯ ಇನ್ನಿಂಗ್ಸ್‌ನ ಇ-ಆರು

ಒಝೆಲಾ ಪೆಟ್‌ವೇಯ ಮನೆಯಲ್ಲಿ ಗಂಡ ಹೆಂಡತಿಯ ಜಗಳ ಎಲ್ಲಿಂದ ಶುರುವಾದರೂ ಬಂದು ನಿಲ್ಲುತ್ತಿದ್ದುದು ಒಂದೇ ಜಾಗದಲ್ಲಿ. ಬೀನ್ಸ್‌ಗೆ ಉಪ್ಪು ಹೆಚ್ಚಾಯಿತೆಂದೋ, ಚರ್ಚಿಗೆ ಹೊರಡಲು ತಡವಾಯಿತೆಂದೋ, ಸತ್ತ ನೆಂಟನೊಬ್ಬನಿಗೆ ಎಷ್ಟು ವಯಸ್ಸಾಗಿತ್ತೆಂದೋ ಮಾತಿಗೆ ಮಾತು ಬೆಳೆದು, ಇನ್ನು ಗೆಲ್ಲಲಾರೆ ಎಂದು ಗೊತ್ತಾದ ಗಳಿಗೆಯಲ್ಲಿ ಗಂಡ ಲ್ಯೂಷಸ್ ಎರಡೂ ಕೈ ಮೇಲೆತ್ತುತ್ತಿದ್ದ. "ಬರ್ಕೊಳ್ಳೇ, ಇ-ಆರು. ಪೆನ್ಸಿಲ್ಲು ನಿಂದು, ನಿನ್ನ ಮಾತೇ ಕೊನೆ," ಎಂದು ಜಗಲಿಗೆ ಎದ್ದುಹೋಗುತ್ತಿದ್ದ. ಅವರ ಮೂವರು ಹೆಣ್ಣುಮಕ್ಕಳು ಇದನ್ನು ಕೇಳುತ್ತಲೇ ಬೆಳೆದು, ಮದುವೆಯಾಗಿ, ತಮ್ಮ ತಮ್ಮ ಗಂಡಂದಿರ ಬಾಯಲ್ಲೂ ಇದೇ ಮಾತು ಬರುವಂತೆ ಮಾಡಿದ್ದರು.

ಬೇಸ್‌ಬಾಲ್‌ನ ಸ್ಕೋರ್ ಪುಸ್ತಕದಲ್ಲಿ ಮೈದಾನದ ಒಂಬತ್ತು ಜಾಗಗಳಿಗೂ ಒಂದೊಂದು ಅಂಕೆ. ಎರಡನೆಯ ಮತ್ತು ಮೂರನೆಯ ಬೇಸ್‌ಗಳ ನಡುವೆ ನಿಲ್ಲುವ ಶಾರ್ಟ್‌ಸ್ಟಾಪ್‌ನದು ಆರು. ‘ಇ’ ಅಂದರೆ ಎರರ್, ತಪ್ಪು. ಬ್ಯಾಟುಗಾರ ಮೊದಲ ಬೇಸ್ ಮುಟ್ಟಿದ್ದು ಹೊಡೆತದ ಬಲದಿಂದಲ್ಲ, ಶಾರ್ಟ್‌ಸ್ಟಾಪ್ ಮಾಡಿದ ತಪ್ಪಿನಿಂದ ಎಂದು ಸ್ಕೋರರ್‌ಗೆ ಅನ್ನಿಸಿದರೆ ಚೌಕದೊಳಗೆ ಇ-ಆರು ಎಂದು ಬರೆಯಬೇಕು. ಹೊಡೆತವೇ ಅಂಥದ್ದಿತ್ತು ಅನ್ನಿಸಿದರೆ ಹಿಟ್. ಇವೆರಡರ ನಡುವೆ ಮೂರನೆಯದೊಂದು ಇಲ್ಲ. ಕೂಗಾಡುವವರು ಕೂಗಾಡಲಿ, ತೀರ್ಪು ಸ್ಕೋರರ್‌ನದು, ಅಂದು ಬರೆದದ್ದೇ ದಾಖಲೆ.

1944ರ ಜುಲೈ ಹದಿನಾರು, ಭಾನುವಾರ. ಅಲಬಾಮಾದ ಹಾರ್ಲನ್ ಫರ್ನೇಸ್ ಎಂಬ ಉಕ್ಕಿನ ಊರಿನ ಮೈದಾನ. ಬಿಳಿಯರು ತಮ್ಮ ಲೀಗಿನ ಬಾಗಿಲು ಹಾಕಿಕೊಂಡಿದ್ದ ಕಾಲ ಅದು, ಕರಿಯರು ತಾವೇ ಕಟ್ಟಿಕೊಂಡ ಲೀಗಿನಲ್ಲಿ ಹಾರ್ಲನ್ ಹ್ಯಾಮರ್ಸ್ ತಂಡ ಗ್ರೀನ್‌ವುಡ್ ಹಾಕ್ಸ್ ತಂಡವನ್ನು ಎದುರಿಸಿತ್ತು. ಯುದ್ಧಕ್ಕೆ ಹೋದವರ ಜಾಗ ತುಂಬಲು ಕಾರ್ಖಾನೆಯಲ್ಲಿ ಕಲ್ಲಿದ್ದಲು ಸುಡುವ ಕೋಕ್ ಒಲೆಯ ಕೆಲಸಗಾರ ಲ್ಯೂಷಸ್ ಪೆಟ್‌ವೇಯನ್ನು ಅಂದು ಕರೆದಿದ್ದರು. ಎಂಟನೆಯ ಇನ್ನಿಂಗ್ಸ್‌ನಲ್ಲಿ ಅವನಿಗೆ ಬ್ಯಾಟು ಬೀಸುವ ಒಂದು ಸರದಿ ಸಿಕ್ಕಿತು. ಹೊಡೆದ, ಓಡಿದ, ಮೊದಲ ಬೇಸ್ ಮುಟ್ಟಿದ. ಅವನನ್ನು ಮದುವೆಯಾಗಲಿದ್ದ ಹದಿನೆಂಟರ ಹುಡುಗಿ ಇ-ಆರು ಎಂದು ಬರೆದಳು. ಮೂರು ದಿನ ಕಳೆದ ಮೇಲೆ ಒಲೆಯ ಕಬ್ಬಿಣದ ಬಾಗಿಲು ಬಡಿದು ಅವನ ಎಡ ಮೊಣಕೈ ಮುರಿಯಿತು. ಮತ್ತೆ ಅವನು ಯಾವ ಲೀಗಿನಲ್ಲೂ ಬ್ಯಾಟು ಹಿಡಿಯಲಿಲ್ಲ.

ಈಗ ಅವನಿಗೆ ಎಂಬತ್ತೆರಡು. ಅವಳಿಗೆ ಎಪ್ಪತ್ತೆಂಟು. ಮೇ ತಿಂಗಳ ಒಂದು ಬುಧವಾರ ಹನ್ನೊಂದರ ಹೊತ್ತಿಗೆ ಅವಳು ಬೆಂಡೆಕಾಯಿಯನ್ನು ಜೋಳದ ಹಿಟ್ಟಿನಲ್ಲಿ ಹೊರಳಿಸುತ್ತಿದ್ದಳು. ಅಡಿಗೆಮನೆಯ ಮೇಜಿನ ಮೇಲೆ ಹಳೆಯ ಟೋಪಿಯ ಡಬ್ಬಿ ಇತ್ತು. ಅದರೊಳಗೆ ಮೂರು ಸ್ಕೋರ್ ಪುಸ್ತಕ, ನಲವತ್ತಮೂರು ಪಂದ್ಯ.

ಆ ಡಬ್ಬಿಗೆ ಈಚೆಗೆ ಬಂದ ಮರ್ಯಾದೆ ನೋಡಿದರೆ ಒಝೆಲಾಗೆ ನಗುವೂ ಬರುತ್ತಿತ್ತು, ಹೊಟ್ಟೆಯೂ ಉರಿಯುತ್ತಿತ್ತು. ಆ ಪಂದ್ಯಗಳು ನಡೆಯುವಾಗ ಊರಿನ ಬಿಳಿಯರ ಪತ್ರಿಕೆ ಬರೆಯುತ್ತಿದ್ದುದು ಒಂದೇ ಸಾಲು, ಹಂದಿ ಮಾರಾಟದ ಜಾಹೀರಾತಿನ ಕೆಳಗೆ: ‘ಕರಿಯರ ಆಟಕ್ಕೆ ಜನ ಸೇರಿದ್ದರು.’ ಗೆದ್ದವರ ಹೆಸರಿಲ್ಲ, ಹೊಡೆದವರ ಹೆಸರಿಲ್ಲ. ಮೂರು ಗಂಟೆ ಬಿಸಿಲಲ್ಲಿ ಓಡಿದ ಹದಿನೆಂಟು ಮಂದಿ ಗಂಡಸರು ಬರೀ ‘ಆಟ’. ಈಗ ಉತ್ತರದ ದೊಡ್ಡ ಊರಿನಲ್ಲೊಂದು ದಾಖಲೆ ಸಮಿತಿ ಕೂತಿದೆ. ಕರಿಯರ ಲೀಗಿನ ಅಂಕಿಗಳನ್ನೂ ದೇಶದ ದೊಡ್ಡ ದಾಖಲೆಗೆ ಸೇರಿಸುತ್ತೇವೆ, ಕಾಗದ ತನ್ನಿ ಎನ್ನುತ್ತದೆ. ಕಾಗದ ಎಲ್ಲಿಂದ ಬರಬೇಕು? ಬರೆಯಬೇಕಾದವರು ಬರೆಯಲಿಲ್ಲ. ಊರಿನ ಕ್ಷೌರಿಕ ಎಝ್ರಾ ಟಾಲಿವರ್, ಒಝೆಲಾಳ ಅಪ್ಪ, ಬರೆದ. ಅವನ ಕಣ್ಣಿಗೆ ಪೊರೆ ಬಂದ ಮೇಲೆ ಪಕ್ಕದಲ್ಲಿ ಕೂತು ಮಗಳು ಬರೆದಳು. ಅಷ್ಟೇ ಕಾಗದ.

ತಂತಿಬಾಗಿಲು ಕಿರುಗುಟ್ಟಿತು. ಕೌಂಟಿ ಗ್ರಂಥಾಲಯದ ಮಾರ್ವಾ ಗ್ರಿಗ್ಸ್‌ಬಿ ಒಳಗೆ ಬಂದಳು. ಮೂವತ್ತೈದರ ಹೆಂಗಸು, ಕಂಕುಳಲ್ಲಿ ಯಾವಾಗಲೂ ಒಂದು ಕಟ್ಟು ಹಾಳೆ. ಚಳಿಗಾಲದಿಂದ ಇದು ಅವಳ ನಾಲ್ಕನೆಯ ಭೇಟಿ.

"ಮಿಸ್ ಒಝೆಲಾ, ನಿಮ್ಮ ಪುಸ್ತಕ ಗೆದ್ದಿತು."

"ಪುಸ್ತಕ ಎಲ್ಲಿಗೆ ಓಡೋಕೆ ಹೋಗಿತ್ತಮ್ಮ, ಗೆಲ್ಲೋಕೆ? ಕೂತ್ಕೋ. ಊಟ ಮಾಡೇ ಹೋಗ್ಬೇಕು."

"ಸಮಿತೀಲಿ ಒಬ್ಬರು ತಕರಾರು ಎತ್ತಿದ್ರು. ಸ್ಕೋರರ್‌ನ ಮಗಳು, ಹದಿನೆಂಟು ವರ್ಷ, ತಂಡದ ಹುಡುಗನ ಜೊತೆ ಮದುವೆ ಗೊತ್ತಾಗಿದೆ, ಇಂಥವಳು ಬರೆದದ್ದನ್ನ ಹೇಗೆ ನಂಬೋದು ಅಂತ."

ಜಗಲಿಯ ಕಡೆಯಿಂದ ಲ್ಯೂಷಸ್‌ನ ದನಿ ಬಂತು. "ಮದುವೆ ಗೊತ್ತಾಗಿರ್ಲಿಲ್ಲ ಅಂತ ಅವರಿಗೆ ಹೇಳು. ಇವಳ ಅಪ್ಪ ಕ್ಷೌರದ ಕತ್ತಿ ನನ್ನ ಕಿವಿ ಹತ್ರ ಹಿಡ್ಕೊಂಡು, ಇನ್ನೂ ಯೋಚನೆ ಮಾಡ್ತಿದೀನಿ ಕಣಯ್ಯ ಅಂದಿದ್ದ."

"ಈಗ್ಲೂ ಯೋಚನೆ ಮಾಡ್ತಾನೇ ಇರ್ತಾನೆ ಮೇಲಿಂದ," ಎಂದಳು ಒಝೆಲಾ. "ಆಮೇಲೆ ಏನಾಯ್ತಮ್ಮ?"

ಮಾರ್ವಾ ಕುರ್ಚಿಯ ತುದಿಗೆ ಸರಿದು ಕೂತಳು. ಮುಖದಲ್ಲಿ ಗೆದ್ದು ಬಂದವಳ ಕಳೆ. "ಈ ಪುಟದ ನಕಲು ತೋರಿಸಿದೆ. ಜುಲೈ ಹದಿನಾರು. ನೋಡಿ ಸ್ವಾಮಿ, ಅವಳು ಕೈ ಹಿಡಿಯೋ ಹುಡುಗ ಜೀವಮಾನಕ್ಕೆ ಒಂದೇ ಸಲ ಬ್ಯಾಟು ಹಿಡಿದ. ಅವನಿಗೂ ಹಿಟ್ ಕೊಡದೆ ಎರರ್ ಬರೆದಿದ್ದಾಳೆ. ಅಂಥವಳು ಬೇರೆ ಯಾರಿಗೆ ಸುಳ್ಳು ಹಿಟ್ ಕೊಟ್ಟಾಳು ಅಂದೆ. ನಲವತ್ತಮೂರು ಪಂದ್ಯಾನೂ ತಗೋತಾರೆ. ಆ ಒಂದು ಚೌಕ ಎಲ್ಲವನ್ನೂ ಉಳಿಸ್ತು, ಮಿಸ್ ಒಝೆಲಾ."

ಒಝೆಲಾ ಎಣ್ಣೆಗೆ ಬೆಂಡೆಕಾಯಿ ಬಿಡುತ್ತಿದ್ದವಳು ಬಿಡುತ್ತಲೇ ಇದ್ದಳು.

"ಹಾಗಾದ್ರೆ ನನ್ನ ಸೊನ್ನೆಗೂ ಒಂದು ಬೆಲೆ ಬಂತು ಅನ್ನು," ಎಂದ ಲ್ಯೂಷಸ್, ಬಾಗಿಲಲ್ಲಿ ನಿಂತು. ಮುರಿದು ಸೊಟ್ಟಗೆ ಕೂಡಿಕೊಂಡ ಎಡಗೈಯನ್ನು ಬಲಗೈಯಿಂದ ಹಿಡಿದುಕೊಳ್ಳುವುದು ಅವನ ಅಭ್ಯಾಸ. "ಓದು ಮಗಳೇ, ನನ್ನ ಬಗ್ಗೆ ಏನು ಬರ್ದಿದಾರೆ?"

ಮಾರ್ವಾ ಅಚ್ಚಾಗಲಿರುವ ಹಾಳೆ ತೆಗೆದು ಓದಿದಳು. "ಪೆಟ್‌ವೇ, ಲ್ಯೂಷಸ್. ಪಂದ್ಯ ಒಂದು. ಸರದಿ ಒಂದು. ಹಿಟ್ ಸೊನ್ನೆ. ಸರಾಸರಿ ಸೊನ್ನೆ."

"ಸೊನ್ನೆ ಅಂತೆ. ಕೇಳಿಸ್ತೇನೇ?"

"ಕೇಳಿಸ್ತು. ಕೈ ತೊಳ್ಕೊಂಡು ಬಾ."

"ಎದುರು ತಂಡದ್ದೂ ಒಂದ್ಸಲ ನೋಡ್ಬಿಡೋಣ," ಎಂದು ಮಾರ್ವಾ ಬೆರಳನ್ನು ಕೆಳಗಿಳಿಸಿದಳು. "ಬ್ಯಾಟಲ್, ಕ್ಲಿಯೋಫಸ್, ಶಾರ್ಟ್‌ಸ್ಟಾಪ್. ಪಂದ್ಯ ಆರು. ಹಿಟ್ ನಾಲ್ಕು. ಎರರ್ ಒಂದು."

"ಆರೇನಾ?" ಎಂದಳು ಒಝೆಲಾ.

"ಆರೇ. ಆ ಬೇಸಿಗೆ ಮುಗಿಯೋ ಮುಂಚೆ ಸೈನ್ಯಕ್ಕೆ ಕರೆ ಬಂತು. ಮರುವರ್ಷ ಬಂದರಲ್ಲಿ ಮದ್ದುಗುಂಡು ಇಳಿಸ್ತಾ ಸತ್ತ. ಮದುವೆ ಆಗಿರ್ಲಿಲ್ಲ. ಒಂದು ಫೋಟೋನೂ ಸಿಕ್ಕಿಲ್ಲ ನಮಗೆ. ಈ ಭೂಮಿ ಮೇಲೆ ಅವನದು ಅಂತ ಇರೋದು ಈ ಒಂದು ಸಾಲು."

"ಆ ಎರರ್?"

"ನಿಮ್ಮದೇ. ಅದೇ ಚೌಕ."

ಒಝೆಲಾ ಒಲೆ ಆರಿಸಿದಳು.

ಊಟ ಮುಗಿಸಿ, ಇನ್ನೊಬ್ಬ ಮುದುಕನನ್ನು ನೋಡಿಕೊಂಡು ನಾಲ್ಕು ಗಂಟೆಗೆ ಪುಸ್ತಕ ಒಯ್ಯಲು ಬರುತ್ತೇನೆಂದು ಹೇಳಿ ಮಾರ್ವಾ ಹೊರಟಳು. ತಟ್ಟೆಗಳನ್ನು ತೊಳೆದಿಟ್ಟು ಒಝೆಲಾ ಮೇಜಿನ ಮುಂದೆ ಕೂತಳು. ಪುಟ ತೆರೆದೇ ಇತ್ತು. ಎಂಟನೆಯ ಕಾಲಮ್ಮು, ಏಳನೆಯ ಸಾಲು. ಅಪ್ಪ ಕಲಿಸಿದ ಪುಟ್ಟ ನೆಟ್ಟನೆಯ ಅಕ್ಷರ.

ಅರವತ್ತು ವರ್ಷ ಆ ಚೌಕ ಅವಳಿಗೆ ಲ್ಯೂಷಸ್‌ನ ಚೌಕವಾಗಿತ್ತು. ಅವನ ಹಿಟ್ ತಾನು ಕಿತ್ತುಕೊಂಡೆ, ಅದಕ್ಕೆ ಅವನು ದಿನಾ ಕೀಟಲೆ ಮಾಡಿ ಸೇಡು ತೀರಿಸಿಕೊಂಡ, ಇಬ್ಬರಿಗೂ ಸರಿಹೋಯಿತು ಅಂದುಕೊಂಡಿದ್ದಳು. ಆರು ಬರೀ ಅಂಕೆಯಾಗಿತ್ತು. ಇವತ್ತು ಆ ಆರಕ್ಕೊಂದು ಹೆಸರು ಬಂದು ಅಡಿಗೆಮನೆಯಲ್ಲಿ ನಿಂತುಬಿಟ್ಟಿತ್ತು.

ಆ ದಿನ ಅವಳಿಗೆ ಚೆನ್ನಾಗಿಯೇ ನೆನಪಿತ್ತು. ಅಪ್ಪನೂ ಅವಳೂ ಬ್ಯಾಟುಗಾರನ ಬೆನ್ನಹಿಂದಿನ ತಂತಿಬಲೆಯ ಆಚೆ ಕೂತಿದ್ದರು. ಅಲ್ಲೇ ಪಕ್ಕದಲ್ಲಿ ಹಗ್ಗ ಕಟ್ಟಿ ನೆರಳಿರುವ ಇಪ್ಪತ್ತು ಕುರ್ಚಿಗಳನ್ನು ಬಿಳಿಯರಿಗೆಂದು ಬಿಡುವ ಪದ್ಧತಿ. ಕರಿಯರ ಮೈದಾನ, ಕರಿಯರ ಆಟ, ಕರಿಯರೇ ಕೊಂಡ ಟಿಕೆಟ್ಟು, ನೆರಳು ಮಾತ್ರ ಅವರದು. ಲ್ಯೂಷಸ್ ಬ್ಯಾಟು ಹಿಡಿದು ಬಂದಾಗ ಹಿಂದಿನ ಬೆಂಚಿನಿಂದ ಚರ್ಚಿನ ಹಿರಿಯ ಡೀಕನ್ ಮಿಮ್ಸ್ ಕೂಗಿದ್ದ. "ಎಝ್ರಾ, ಈ ಒಂದ್ಸಲ ಪೆನ್ಸಿಲ್ಲು ನೀನೇ ಇಟ್ಕೊಳ್ಳಪ್ಪ. ಹುಡುಗಿ ಕಣ್ಣಲ್ಲಿ ನೋಡಿ ಬರೀತಾಳೋ, ಎದೇಲಿ ನೋಡಿ ಬರೀತಾಳೋ." ಬೆಂಚಿಗೆ ಬೆಂಚೇ ನಕ್ಕಿತು. ನಕ್ಕರೆ ನಗಲಿ, ನಮ್ಮವರು. ಅದು ಅವಳನ್ನು ಅಲುಗಿಸಲಿಲ್ಲ.

ಅಲುಗಿಸಿದ್ದು ಹಗ್ಗದ ಆಚೆಯ ಮಾತು. ಕಾರ್ಖಾನೆಯ ಕಚೇರಿಯ ಒಬ್ಬ ಗುಮಾಸ್ತ, ಒಣಹುಲ್ಲಿನ ಟೋಪಿಯವನು, ಇವರ ಕಡೆ ತಿರುಗುವ ತಾಪತ್ರಯವನ್ನೂ ತೆಗೆದುಕೊಳ್ಳದೆ ಜೊತೆಗಾರನಿಗೆ ಅಂದಿದ್ದ: "ಇವರ ಅಂಕಿ ಯಾವುದೂ ನಂಬೋ ಹಾಗಿಲ್ಲ. ತಮ್ಮವರಿಗೆ ತಾವೇ ಹಿಟ್ ಬರ್ಕೋತಾರೆ." ಮಳೆ ಬರುವ ಹಾಗಿದೆ ಎನ್ನುವಷ್ಟು ಸಲೀಸಾಗಿ ಅಂದಿದ್ದ.

ಆಮೇಲೆ ಚೆಂಡು ಬಂತು. ನೆಲಕ್ಕೆ ಅಂಟಿಕೊಂಡು, ಮೂರನೆಯ ಬೇಸ್‌ನ ಕಡೆಗಿನ ಬಯಲಿಗೆ ಬಾಣದಂತೆ ಹೋಗುತ್ತಿದ್ದ ಚೆಂಡು. ಆ ಶಾರ್ಟ್‌ಸ್ಟಾಪ್, ಇಷ್ಟುದ್ದ ಕಾಲಿನ ತೆಳ್ಳನೆಯ ಹುಡುಗ, ಬಲಕ್ಕೆ ಐದು ಹೆಜ್ಜೆ ಹಾರಿ, ಮೈಯನ್ನೇ ನೆಲಕ್ಕೆಸೆದು, ಕೈಗವಸಿನ ತುದಿಯಿಂದ ಅದನ್ನು ತಡೆದ. ಚೆಂಡು ಗವಸಿನಿಂದ ಸಿಡಿದು ಒಂದು ಮಾರು ದೂರ ಬಿತ್ತು. ಅವನು ಮಂಡಿಯೂರಿ ಎದ್ದು ಎತ್ತಿಕೊಳ್ಳುವಷ್ಟರಲ್ಲಿ ಲ್ಯೂಷಸ್ ಬೇಸ್ ಮುಟ್ಟಿಯಾಗಿತ್ತು.

"ಏನು ಕಾಣಿಸ್ತಮ್ಮ?" ಎಂದು ಅಪ್ಪ ಕೇಳಿದ.

ಅವಳಿಗೆ ಕಂಡದ್ದು ಹಿಟ್. ಅವಳು ನೋಡಿದ್ದು ಒಣಹುಲ್ಲಿನ ಟೋಪಿ. "ತಪ್ಪು," ಎಂದಳು.

"ಬರಿ," ಎಂದ ಅಪ್ಪ.

ಅಪ್ಪನಿಗೆ ಒಂದು ನೇಮವಿತ್ತು. ಹೊಸ ಪೆನ್ಸಿಲ್ಲು ತಂದ ಕೂಡಲೇ ಅದರ ಬಾಲದ ರಬ್ಬರನ್ನು ಕ್ಷೌರದ ಕತ್ತಿಯಿಂದ ಕತ್ತರಿಸಿ ಎಸೆಯುವುದು. ತಪ್ಪು ಬರೆದರೆ ಅಡ್ಡಗೆರೆ ಎಳೆದು ಪಕ್ಕದಲ್ಲಿ ಸರಿ ಬರೆಯಬೇಕು, ತಪ್ಪೂ ಕಾಣುತ್ತಿರಬೇಕು ಎನ್ನುತ್ತಿದ್ದ. ಅದಕ್ಕೇ ಈ ಮನೆಯಲ್ಲಿ ಇವತ್ತಿಗೂ ಬಾಲವಿಲ್ಲದ ಪೆನ್ಸಿಲ್ಲುಗಳೇ. ಹಾಗಿದ್ದೂ ಒಝೆಲಾಗೆ ಒಂದು ಗಳಿಗೆ ಅನ್ನಿಸಿತು. ಪಕ್ಕದ ಮನೆಯ ಶಾಲೆ ಮಗುವಿನ ಹತ್ತಿರ ರಬ್ಬರ್ ಇರುತ್ತದೆ. ಎರಡು ಉಜ್ಜು, ಹಿಟ್ ಎಂಬುದಕ್ಕೆ ಹಾಕುವ ಒಂದು ಸಣ್ಣ ಗೀಟು. ಲ್ಯೂಷಸ್‌ನದು ಒಂದಕ್ಕೆ ಒಂದು, ಸತ್ತವನ ತಪ್ಪು ಸೊನ್ನೆ. ಮಾರ್ವಾ ಹೇಗೂ ನೋಡಿದ್ದಾಳೆ, ಸಮಿತಿಯೂ ನೋಡಿದೆ ಎಂಬುದು ಆಮೇಲೆ ನೆನಪಾಗಿ ಅವಳಿಗೇ ನಾಚಿಕೆಯಾಯಿತು. ಉಜ್ಜಿದ ಗುರುತು ಕಂಡರೆ ಮೂರೂ ಪುಸ್ತಕ ತಿಪ್ಪೆಗೆ.

ಪುಸ್ತಕ ಮುಚ್ಚಿ ಜಗಲಿಗೆ ಬಂದಳು. ಲ್ಯೂಷಸ್ ತೂಗುಕುರ್ಚಿಯಲ್ಲಿದ್ದ.

"ಲ್ಯೂಷಸ್, ಆ ಚೆಂಡು."

"ಯಾವ ಚೆಂಡು?"

"ನೀನು ಹೊಡೆದದ್ದೇ ಒಂದು ಚೆಂಡು."

"ಓ, ಅದಾ? ಅದು ಹಿಟ್." ಸಾವಿರ ಸಲ ಹೇಳಿದ್ದನ್ನು ಹೇಳುವ ಹಾಗೆ ಹೇಳಿದ.

"ಹೌದು," ಎಂದಳು ಒಝೆಲಾ.

ತೂಗುಕುರ್ಚಿ ನಿಂತಿತು. ಅವನು ಟೋಪಿ ತೆಗೆದು ಮಂಡಿಯ ಮೇಲಿಟ್ಟುಕೊಂಡ. ಎದುರು ರಸ್ತೆಯಲ್ಲಿ ಅಂಚೆಯ ಗಾಡಿ ಬಂದು, ನಿಂತು, ಹೋಯಿತು.

"ಅವತ್ತೇ ಗೊತ್ತಿತ್ತಾ?"

"ಬರೆಯೋ ಮುಂಚೆನೇ ಗೊತ್ತಿತ್ತು."

"ಮತ್ತೆ ಯಾಕೆ?"

"ಹೆದ್ರಿಕೆ. ಹಗ್ಗದಾಚೆ ಕೂತಿದ್ದವನು ಒಂದು ಮಾತು ಅಂದ. ತಮ್ಮವರಿಗೆ ತಾವೇ ಬರ್ಕೋತಾರೆ ಅಂತ. ಹಾಗಲ್ಲ ಅಂತ ತೋರಿಸ್ಬೇಕಾಗಿತ್ತು ಅವನಿಗೆ. ನೋಡು, ನಾನು ಎಷ್ಟು ನ್ಯಾಯವಾಗಿದೀನಿ ಅಂತ. ಆ ಮನುಷ್ಯ ನನ್ನ ಕಡೆ ತಿರುಗಿ ಸಹ ನೋಡ್ಲಿಲ್ಲ, ಲ್ಯೂಷಸ್. ಅವನಿಗೆ ತೋರಿಸೋಕೆ ನಾನು ನಿನ್ನ ಕೈಯಿಂದ ಕಿತ್ಕೊಂಡೆ, ಇನ್ನೊಬ್ಬರ ಮನೆ ಮಗನ ತಲೆ ಮೇಲೆ ತಪ್ಪು ಹೊರಿಸ್ದೆ."

ಲ್ಯೂಷಸ್ ಟೋಪಿಯ ಅಂಚನ್ನು ಸವರುತ್ತ ಕೂತ. "ಬ್ಯಾಟಲ್ ಚೆನ್ನಾಗೇ ಆಡ್ದ," ಎಂದ ಕೊನೆಗೆ. "ಬೇರೆ ಯಾವನಾದ್ರೂ ಆಗಿದ್ದಿದ್ರೆ ಆ ಚೆಂಡು ಮುಟ್ತಾನೇ ಇರ್ಲಿಲ್ಲ. ಸುಮ್ನೆ ನಿಂತು ಹೋಗೋಕೆ ಬಿಟ್ಟಿದ್ರೆ ಯಾರೂ ತಪ್ಪು ಅಂತಿರ್ಲಿಲ್ಲ. ಹಾರಿ ಮುಟ್ಟಿದ್ದಕ್ಕೇ ಅವನ ತಲೆಗೆ ಬಂತು."

"ಅದನ್ನೇ ಬರೆದು ಕೊಡ್ತೀನಿ ಮಾರ್ವಾಗೆ."

"ಏನಂತ?"

"ನಡೆದದ್ದು."

ಅವನು ನೆಟ್ಟಗೆ ಕೂತ. "ಹುಚ್ಚು ಹಿಡೀತೇನೇ ನಿಂಗೆ? ಆ ಹುಡುಗಿ ಏನಂದ್ಲು ಕೇಳಿಸ್ಕೊಂಡ್ಯೋ ಇಲ್ವೋ? ಆ ಇ-ಆರರ ಮೇಲೇ ಇಡೀ ಪುಸ್ತಕ ನಿಂತಿದೆ. ಅದನ್ನ ಎಳೆದ್ರೆ ನಲವತ್ತಮೂರೂ ಬೀಳುತ್ತೆ. ಎಡಗೈ ಟರ್ನಿಪ್‌ಸೀಡ್ ಇದಾನೆ ಅದರಲ್ಲಿ, ಸ್ಮೋಕ್ ಲ್ಯಾಸಿಟರ್ ಇದಾನೆ. ಒಂದೇ ದಿನ ಎರಡು ಪಂದ್ಯಕ್ಕೂ ಚೆಂಡು ಎಸೆದವನು ಸ್ಮೋಕ್, ಗುಡ್‌ಲೋ ಗಲ್ಲಿ ಕೊನೇಲಿ ಒಬ್ಬನೇ ಸತ್ತ. ಅವರಿಗೆಲ್ಲ ಇರೋದು ಅದೊಂದೇ ಕಾಗದ. ನನ್ನ ಒಂದು ಹಿಟ್‌ಗೋಸ್ಕರ ಅವರನ್ನೆಲ್ಲ ಮತ್ತೆ ಮಣ್ಣಿಗೆ ಹಾಕ್ತೀಯಾ?"

"ನಿನ್ನ ಹಿಟ್‌ಗಲ್ಲ. ನೀನು ಅರವತ್ತು ವರ್ಷ ನನ್ನ ಪ್ರಾಣ ತಿಂದು ಅದನ್ನ ವಸೂಲಿ ಮಾಡಿದೀಯ. ಅವನಿಗೆ ಪ್ರಾಣ ತಿನ್ನೋಕೂ ಯಾರೂ ಸಿಗಲಿಲ್ಲ."

"ಸಮಿತಿಯವರು ಪುಸ್ತಕ ಬೇಡ ಅಂದ್ರೆ?"

ಆ ಪ್ರಶ್ನೆಯನ್ನು ಒಝೆಲಾ ತಾನೇ ಕೇಳಿಕೊಂಡಾಗಿತ್ತು. ಒಬ್ಬ ಸತ್ತವನಿಗೆ ನ್ಯಾಯ ಕೊಡಲು ಹೋಗಿ ಅರವತ್ತು ಎಪ್ಪತ್ತು ಮಂದಿ ಸತ್ತವರ ಬಾಯಿ ಮುಚ್ಚಿಸಿದ ಹಾಗಾಗಬಹುದು. ಆದರೆ ಸುಮ್ಮನಿದ್ದರೆ, ಆ ಒಣಹುಲ್ಲಿನ ಟೋಪಿಯವನನ್ನು ಮೆಚ್ಚಿಸಲು ಬರೆದ ಒಂದು ಸುಳ್ಳನ್ನೇ ಊರುಗೋಲು ಮಾಡಿಕೊಂಡು ಅವರೆಲ್ಲ ಆ ದೊಡ್ಡ ದಾಖಲೆಯೊಳಗೆ ನಡೆದುಹೋಗಬೇಕು. ನಮ್ಮ ಅಂಕಿಯನ್ನು ಅವರು ನಂಬಬೇಕಾದರೆ ಮೊದಲು ನಾವು ನಮ್ಮವನೊಬ್ಬನನ್ನು ಬಲಿ ಕೊಟ್ಟು ತೋರಿಸಬೇಕು. ಅಂದೂ ಇದೇ ಕರಾರು, ಇಂದೂ ಇದೇ ಕರಾರು. ಟೋಪಿ ಮಾತ್ರ ಬದಲಾಗಿದೆ.

ಅವಳು ಒಳಗೆ ಹೋಗಿ, ಗೆರೆ ಹಾಕಿದ ಹಾಳೆ ತೆಗೆದು, ಪೆನ್ಸಿಲ್ಲನ್ನು ಬಿಟ್ಟು ಪೆನ್ನಿನಲ್ಲಿ ಬರೆದಳು.

‘ನಾನು, ಒಝೆಲಾ ಟಾಲಿವರ್ ಪೆಟ್‌ವೇ, 1944ರಲ್ಲಿ ಹಾರ್ಲನ್ ಹ್ಯಾಮರ್ಸ್ ತಂಡದ ಸ್ಕೋರ್ ಬರೆದವಳು. ಜುಲೈ ಹದಿನಾರರ ಪಂದ್ಯದ ಎಂಟನೆಯ ಇನ್ನಿಂಗ್ಸ್‌ನಲ್ಲಿ ನಾನು ಇ-ಆರು ಎಂದು ಬರೆದೆ. ಅದು ಹಿಟ್. ನನಗದು ಆಗಲೇ ಗೊತ್ತಿತ್ತು. ನಮ್ಮವರು ನಮ್ಮವರಿಗೇ ಬರೆದುಕೊಳ್ಳುತ್ತಾರೆ ಎಂಬ ಮಾತಿಗೆ ಹೆದರಿ ಹಾಗೆ ಬರೆದೆ. ಕ್ಲಿಯೋಫಸ್ ಬ್ಯಾಟಲ್ ಯಾವ ತಪ್ಪನ್ನೂ ಮಾಡಲಿಲ್ಲ. ಉಳಿದ ಎಲ್ಲ ಚೌಕಗಳನ್ನೂ ಕಣ್ಣಿಗೆ ಕಂಡಂತೆ ಬರೆದಿದ್ದೇನೆ. ಪುಸ್ತಕವನ್ನು ತಿದ್ದಿಲ್ಲ. ಅಪ್ಪ ತಿದ್ದಲು ಬಿಡುತ್ತಿರಲಿಲ್ಲ.’

ನಾಲ್ಕಕ್ಕೆ ಬಂದ ಮಾರ್ವಾ ಅದನ್ನು ನಿಂತೇ ಓದಿದಳು. ಇನ್ನೊಮ್ಮೆ ಓದಿ ಕೂತಳು.

"ಮಿಸ್ ಒಝೆಲಾ, ಈ ಕಾಗದ ನಾನು ನೋಡಲಿಲ್ಲ ಅಂತ ಇಟ್ಕೊಳ್ಳಿ. ಒಳಗಿಡಿ. ನಾನು ಬರೀ ಪುಸ್ತಕ ತಗೊಂಡು ಹೋಗ್ತೀನಿ."

"ನೋಡಿದೀಯಲ್ಲಮ್ಮ."

"ತಕರಾರು ಎತ್ತಿದ ಆ ಮನುಷ್ಯ ಇದಕ್ಕೇ ಕಾಯ್ತಿದಾರೆ. ಒಂದು ಸುಳ್ಳು ಅಂದ್ರೆ ಇನ್ನೆಷ್ಟು ಅಂತಾರೆ. ಎರಡು ವರ್ಷದ ಕೆಲಸ ನಂದು. ನಮ್ಮ ತಾತನೂ ಇದಾನೆ ಆ ಪುಸ್ತಕದಲ್ಲಿ, ನಿಮಗೆ ಗೊತ್ತಿದೆ."

"ಗೊತ್ತು. ಎಡಗಡೆ ಹೊರಮೈದಾನ, ಗ್ರಿಗ್ಸ್‌ಬಿ. ಜೂನ್ ನಾಲ್ಕು ಮೂರು ಹಿಟ್ ಹೊಡೆದ. ಮೂರೂ ನಿಜವಾದ ಹಿಟ್. ಎದುರು ಕೂತು ನೋಡಿದೀನಿ." ಒಝೆಲಾ ಅವಳ ಕೈ ಮೇಲೆ ಕೈಯಿಟ್ಟಳು. "ಹೇಳು ಮಗಳೇ, ಅವರು ತಗೊಳ್ಳೋಕೆ ಒಪ್ಪಿದ್ದು ಯಾಕೆ? ನಾವು ಸರಿಯಾಗಿ ಬರೀತೀವಿ ಅಂತಲಾ? ನಮ್ಮವರಿಗೇ ಕಟುವಾಗಿ ಇರ್ತೀವಿ ಅಂತ. ಬಿಳಿಯರ ಪುಸ್ತಕ ಬರೆದ ಯಾವ ಸ್ಕೋರರ್‌ನ ಹತ್ರ ನೀನು ನಿನ್ನ ಹುಡುಗನಿಗೆ ಅನ್ಯಾಯ ಮಾಡಿದೀಯೇನಪ್ಪ ಅಂತ ಕೇಳಿದಾರೆ?"

ಮಾರ್ವಾ ಕಾಗದವನ್ನು ಎರಡಾಗಿ ಮಡಿಸಿದಳು.

"ಹಾಗೆ ಕೇಳು ಅವರನ್ನ. ನಾನು ಹೇಳ್ದೆ ಅಂತ್ಲೇ ಕೇಳು."

"ಪುಸ್ತಕ ವಾಪಸ್ ಕಳಿಸಿದ್ರೆ?"

"ಕಳಿಸಿದ್ರೆ ಮತ್ತೆ ಡಬ್ಬೀಲಿ ಇಡ್ತೀನಿ. ಅರವತ್ತು ವರ್ಷ ಅಲ್ಲೇ ಇತ್ತು." ಮಾತು ಗಟ್ಟಿಯಾಗಿ ಬಂತು. ಡಬ್ಬಿಯ ಮುಚ್ಚಳ ಮಾತ್ರ ಎರಡು ಸಲ ಜಾರಿತು. ಬಾಗಿಲಲ್ಲಿ ನಿಂತಿದ್ದ ಲ್ಯೂಷಸ್ ಬಂದು, ತನ್ನ ನೆಟ್ಟಗಿನ ಕೈಯಿಂದ ಮುಚ್ಚಳ ಒತ್ತಿ ಕೂರಿಸಿ, ಡಬ್ಬಿಯನ್ನು ಕಾರಿನವರೆಗೂ ತಾನೇ ಹೊತ್ತುಕೊಂಡು ಹೋದ.

ಜೂನ್ ಹೋಯಿತು, ಜುಲೈ ಹೋಯಿತು. ಲ್ಯೂಷಸ್ ಇ-ಆರು ಎನ್ನುವುದನ್ನು ಬಿಟ್ಟ. ಜಗಳಗಳು ಎಲ್ಲಿ ನಿಲ್ಲಬೇಕೆಂದು ಗೊತ್ತಾಗದೆ ಊಟದ ತನಕ ಎಳೆದುಕೊಂಡು ಹೋಗುತ್ತಿದ್ದವು. ಒಂದು ದಿನ ಟೊಮೇಟೊ ಗಿಡಕ್ಕೆ ನೀರು ಹಾಕಿದ್ದು ಯಾರು ಎಂಬ ವಾದದಲ್ಲಿ ಒಝೆಲಾಳೇ ರೇಗಿ, "ಅಂದ್ಬಿಡು, ಅಂದು ಮುಗಿಸಿಬಿಡು," ಎಂದಳು. "ಇಲ್ಲಪ್ಪ, ಅದು ಈಗ ಕೋರ್ಟಲ್ಲಿದೆ," ಎಂದ ಲ್ಯೂಷಸ್.

ಆಗಸ್ಟ್‌ನ ಮೊದಲ ವಾರ ಮಾರ್ವಾ ಫೋನ್ ಮಾಡಿದಳು.

"ತಗೊಂಡ್ರು," ಎಂದಳು. "ನಲವತ್ತಮೂರೂ. ಎರಡು ದಿನ ಕಿತ್ತಾಡಿದಾರೆ. ತಕರಾರಿನವರು ಪುಸ್ತಕಾನೇ ಬೇಡ ಅಂದ್ರಂತೆ. ನೀವು ಹೇಳಿದ ಪ್ರಶ್ನೆ ನಾನು ಹಾಗ್ಹಾಗೇ ಕೇಳ್ದೆ. ಆಮೇಲೆ ಅವರಲ್ಲೇ ಒಬ್ಬ ಹಳೇ ಮನುಷ್ಯ, ಒಂದು ಚೌಕಕ್ಕೆ ಅರವತ್ತು ವರ್ಷ ಆದಮೇಲೆ ತನ್ನ ಮೇಲೆ ತಾನೇ ದೂರು ಕೊಡೋಳು ಇನ್ನೇನು ಬಚ್ಚಿಡ್ತಾಳೆ ಅಂದ್ರು."

"ಆ ಚೌಕ?"

"ಅದು ಹಾಗೇ ಇರುತ್ತೆ, ಮಿಸ್ ಒಝೆಲಾ. ಅವತ್ತಿನ ತೀರ್ಪು ಅವತ್ತಿಗೇ ಕೊನೆ ಅನ್ನೋ ನಿಯಮ ಬಿಳಿಯರಿಗೂ ಇದೆ, ನಮಗೂ ಇದೆ ಅಂದ್ರು. ಮಿಸ್ಟರ್ ಲ್ಯೂಷಸ್‌ದು ಹಿಟ್ ಸೊನ್ನೆ, ಬ್ಯಾಟಲ್‌ದು ಎರರ್ ಒಂದು. ಪುಟದ ಕೆಳಗೆ ಸಣ್ಣಕ್ಷರದಲ್ಲಿ ನಿಮ್ಮ ಹೇಳಿಕೆ ಹಾಕ್ತಾರೆ, ಅಷ್ಟೆ."

ಒಝೆಲಾ ಫೋನ್ ಹಿಡಿದುಕೊಂಡೇ ಜಗಲಿಯ ಕಡೆ ನೋಡಿ ವಿಷಯ ಹೇಳಿದಳು. ಲ್ಯೂಷಸ್ ತೂಗುತ್ತಲೇ ಕೇಳಿದ. "ನಿನ್ನ ರುಜು ಇದೆಯಾ ಅದರ ಕೆಳಗೆ?"

"ಇದೆ."

"ಹಾಗಾದ್ರೆ ನಂಗೊಂದು ಪ್ರತಿ ಬೇಕು ಅನ್ನು. ಬೈಬಲ್ಲಿನ ಪಕ್ಕ ಗೋಡೆಗೆ ಹಾಕ್ತೀನಿ. ನನ್ನ ಹೆಂಡತಿ ಒಂದ್ಸಲ ಸೋತ್ಲು ಅನ್ನೋದಕ್ಕೆ ಸರ್ಕಾರಿ ಕಾಗದ."

"ಸರ್ಕಾರಿ ಅಲ್ಲ ಕಣೋ."

"ಅಚ್ಚು ಹಾಕಿದಾರಲ್ಲ, ಸಾಕು."

ಒಝೆಲಾ ನಗಲಿಲ್ಲ. ಸಣ್ಣಕ್ಷರ. ಹಂದಿ ಮಾರಾಟದ ಜಾಹೀರಾತಿನ ಕೆಳಗಿನ ಸಾಲೂ ಸಣ್ಣಕ್ಷರವೇ ಆಗಿತ್ತು. ಅವಳು ಫೋನನ್ನು ಮತ್ತೆ ಬಾಯಿಗೆ ತಂದಳು. "ಮಾರ್ವಾ, ಆ ಹುಡುಗನ ಕಡೆಯವರು ಯಾರಾದ್ರೂ ಉಳಿದಿದಾರಾ ನೋಡ್ತೀಯಾ?"

ಒಂಬತ್ತು ದಿನ ಬೇಕಾಯಿತು. ಗ್ರೀನ್‌ವುಡ್‌ನ ಒಂದು ಚರ್ಚಿನ ಹಾಡುಗಾರರ ಪಟ್ಟಿಯಲ್ಲಿ ಮಾರ್ವಾಗೆ ಒಂದು ಹೆಸರು ಸಿಕ್ಕಿತು. ವರ್ನೀಸ್ ಬ್ಯಾಟಲ್ ಹೇರ್‌ಸ್ಟನ್, ಎಂಬತ್ತಾರು ವರ್ಷ, ಕ್ಲಿಯೋಫಸ್‌ನ ಅಕ್ಕ.

ಶನಿವಾರ ಬೆಳಗ್ಗೆ ಒಝೆಲಾ ಚರ್ಚಿಗೆ ಹಾಕುವ ಅಂಗಿ ತೊಟ್ಟು ಫೋನಿನ ಮುಂದೆ ಕೂತಳು. ಫೋನಿನಲ್ಲಿ ಅಂಗಿ ಯಾರಿಗೆ ಕಾಣುತ್ತದೆ ಎಂದು ಲ್ಯೂಷಸ್ ಕೇಳಲಿಲ್ಲ. ತೂಗುಕುರ್ಚಿಯನ್ನು ಕಿಟಕಿಯ ಹತ್ತಿರಕ್ಕೆ ಎಳೆದುಕೊಂಡ.

ಆರು ಸಲ ರಿಂಗಾದ ಮೇಲೆ ಆ ಕಡೆ ಎತ್ತಿದರು.

"ಮಿಸ್ ವರ್ನೀಸ್ ಅವರಾ? ನಾನು ಹಾರ್ಲನ್ ಫರ್ನೇಸ್‌ನಿಂದ, ಒಝೆಲಾ ಪೆಟ್‌ವೇ ಅಂತ. ನಿಮ್ಮ ತಮ್ಮ ಕ್ಲಿಯೋ ಬಗ್ಗೆ ಮಾತಾಡ್ಬೇಕಿತ್ತು."

"ಕ್ಲಿಯೋ ಸತ್ತು ಐವತ್ತೊಂಬತ್ತು ವರ್ಷ ಆಯ್ತು," ಎಂದಿತು ಮುದಿದನಿ. "ಏನಾದ್ರೂ ಮಾರೋಕೆ ಫೋನ್ ಮಾಡಿದ್ರೆ ಈಗ್ಲೇ ಹೇಳ್ಬಿಡು."

"ಮಾರೋಕಲ್ಲಮ್ಮ. ಇಲ್ಲಿ ಒಂದು ಪಂದ್ಯ ಆಡಿದ್ದ. ಅವತ್ತು ಅವನ ಹೆಸರಿಗೆ ಒಂದು ತಪ್ಪು ಬರೆದ್ರು."

"ಗೊತ್ತು."

ಒಝೆಲಾ ಫೋನನ್ನು ಕಿವಿಗೆ ಒತ್ತಿಕೊಂಡಳು. "ಹೇಳಿದ್ನಾ?"

"ಹೇಳಿದ್ನಾ ಅಂದ್ರೆ? ಆ ರಾತ್ರಿ ಬಸ್ಸಿಳಿದು ಬಂದವನು ನಮ್ಮ ಅಂಗಳದಲ್ಲಿ ಹೆಂಗೆ ಹಾರ್ದೆ ಅಂತ ತೋರಿಸ್ದ. ಅಮ್ಮ ಒಣಗಿಹಾಕಿದ್ದ ಬಟ್ಟೆ ಹಗ್ಗ ಕಿತ್ಕೊಂಡು ಬಂತು. ಬೈಸ್ಕೊಂಡ. ಆ ಚೆಂಡು ಯಾರ ಕೈಗೂ ಸಿಗ್ತಿರ್ಲಿಲ್ಲ ಅಕ್ಕ, ನನ್ನ ಕೈಗೆ ತಾಗ್ತು ಅಂತಿದ್ದ. ತಪ್ಪು ಅಂತ ಬರ್ದಿದಾರೆ ಅಂತ ಗೊತ್ತಾದ್ಮೇಲೆ ಮಾತ್ರ ಆ ಮಾತು ಎತ್ತಲಿಲ್ಲ." ಒಂದು ಕೆಮ್ಮು. "ನೀನು ಯಾರಂದೆ?"

"ಅದನ್ನ ಬರೆದವಳು."

ಆ ಮನೆಯಲ್ಲಿ ಯಾವುದೋ ಗಡಿಯಾರ ನಡೆಯುತ್ತಿತ್ತು, ಅಥವಾ ನಲ್ಲಿ ತೊಟ್ಟಿಕ್ಕುತ್ತಿತ್ತು. ಒಝೆಲಾ ಕಾದಳು. ಇಟ್ಟುಬಿಟ್ಟರೂ ಸರಿಯೇ ಅಂದುಕೊಂಡಳು.

"ಅರವತ್ತು ವರ್ಷ ಬೇಕಾಯ್ತಾ ನಿಂಗೆ, ಫೋನ್ ಎತ್ತೋಕೆ?"

"ಹೂಂ, ಅಮ್ಮ. ಬೇಕಾಯ್ತು."

"ಏನು ಹೇಳ್ಬೇಕು ಅಂತ ಮಾಡಿದೀಯ, ಹೇಳು."

"ನಿಮ್ಮ ತಮ್ಮ ತಪ್ಪು ಮಾಡ್ಲಿಲ್ಲ. ಅದು ಹಿಟ್."

"ಗಟ್ಟಿಯಾಗಿ ಹೇಳು. ಈ ಕಿವಿ ಸರಿಯಾಗಿ ಕೇಳ್ಸೋದಿಲ್ಲ. ಇರು, ಆ ಕಿವಿಗೆ ಹಿಡ್ಕೋತೀನಿ. ಹಾಂ, ಈಗ ಹೇಳು."

ಒಝೆಲಾ ಎದ್ದು ನಿಂತಳು. ತಂತಿಬಲೆಯ ಹಿಂದೆ ನಿಂತು ತಂಡಗಳ ಹೆಸರು ಕೂಗುತ್ತಿದ್ದ ಕಾಲದ ಹಾಗೆ ಎದೆ ತುಂಬ ಉಸಿರು ತೆಗೆದುಕೊಂಡಳು. ಕಿಟಕಿಯ ಆಚೆ ತೂಗುಕುರ್ಚಿ ನಿಂತಿತು. ಎದುರು ಮನೆಯವರು ಹುಲ್ಲಿಗೆ ನೀರು ಬಿಡುತ್ತಿದ್ದವರು ತಲೆಯೆತ್ತಿ ನೋಡಿದರು.

"ಕ್ಲಿಯೋಫಸ್ ಬ್ಯಾಟಲ್, ಶಾರ್ಟ್‌ಸ್ಟಾಪ್," ಎಂದಳು, ಇಡೀ ಬೀದಿಗೆ ಕೇಳುವ ಹಾಗೆ. "ಎರರ್ ಇಲ್ಲ."